ಬೂಸ್ಟರ್ ಹಾಕಿಸಲೋ ಬೇಡವೋ ಅಂತಿದ್ದಾಗ ಹೋದ ಮಕ್ಕಳ ಕ್ಲಿನಿಕ್

ಮಗಳಿಗೆ ಐದು ತುಂಬಿ ಎರಡು ತಿಂಗಳಾಗಿತ್ತು. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಮೂರನ್ನೂ ತಡೆಯುವ ಡಿಪಿಟಿ ಲಸಿಕೆಯ ಎರಡನೇ ಬೂಸ್ಟರ್ ಹಾಕಿಸುವುದನ್ನು ನಾನೇ ಮುಂದೂಡುತ್ತಾ ಬಂದಿದ್ದೆ. ಒಂದೂವರೆ ವರ್ಷಕ್ಕೆ ಮೊದಲ ಬೂಸ್ಟರ್ ಆದಾಗ ಅವಳಿಗೆ ರಾತ್ರಿಯಿಡೀ ಜ್ವರ. ತೊಡೆ ಊದಿಕೊಂಡು ಕಾಲು ಊರಲಿಕ್ಕೂ ಆಗದೆ ಅತ್ತಿದ್ದಳು. ಇಷ್ಟು ಡೋಸ್ ಆಯ್ತಲ್ಲ, ಇನ್ನೂ ಯಾಕೆ ಅನ್ನಿಸುತ್ತಿತ್ತು. ಹಿಂದೆ ಹೋಗುತ್ತಿದ್ದ ಕಡೆ ಕೇಳಿದರೆ "ಎಲ್ಲರೂ ಹಾಕಿಸ್ತಾರೆ, ನೀವೂ ಹಾಕಿಸಿ" ಅಂದಿದ್ದರು, ಅಷ್ಟೇ.

ಈ ಕ್ಲಿನಿಕ್‌ನ ಡಾಕ್ಟರ್ ಮೊದಲು ಲಸಿಕೆ ಕಾರ್ಡ್ ಪೂರ್ತಿ ನೋಡಿದರು. ಆಗ ಫಿಟ್ಸ್ ಬಂದಿತ್ತಾ, ಉಸಿರಾಟಕ್ಕೆ ಕಷ್ಟವಾಗಿತ್ತಾ, ಮೈಮೇಲೆ ದದ್ದು ಎದ್ದಿತ್ತಾ ಅಂತ ಒಂದೊಂದೇ ಕೇಳಿದರು. ಯಾವುದೂ ಇರಲಿಲ್ಲ. ಬರೀ ಜ್ವರ, ಊತಕ್ಕೆ ಮುಂದಿನ ಡೋಸ್ ನಿಲ್ಲಿಸಬೇಕಿಲ್ಲ ಅಂದರು. ನಾಯಿಕೆಮ್ಮಿನ ವಿರುದ್ಧ ಲಸಿಕೆ ಕೊಟ್ಟ ರಕ್ಷಣೆ ವರ್ಷ ಕಳೆದ ಹಾಗೆ ಇಳಿಯುತ್ತದಂತೆ. ಧನುರ್ವಾಯು ವಿಷಯ ಮಾತ್ರ ನನಗೆ ಸರಿಯಾಗಿ ನಾಟಿತು. ಅದು ಒಬ್ಬರಿಂದ ಒಬ್ಬರಿಗೆ ಹರಡುವ ಕಾಯಿಲೆಯೇ ಅಲ್ಲ. ಮಣ್ಣಿನಲ್ಲಿರುವ ರೋಗಾಣು ಗಾಯದ ಮೂಲಕ ಒಳಗೆ ಹೋಗುತ್ತದೆ. ಸುತ್ತಲಿನ ಮಕ್ಕಳೆಲ್ಲ ಹಾಕಿಸಿಕೊಂಡಿದ್ದರೂ ಅದು ನನ್ನ ಮಗಳನ್ನು ಕಾಯುವುದಿಲ್ಲ. ಅವಳೋ ದಿನಾ ಮಂಡಿ ತರಚಿಕೊಂಡು ಬರುವವಳು. ಹಾಕಿಸೋಣ ಅಂತ ಅಲ್ಲೇ ತೀರ್ಮಾನಿಸಿದೆ.

ಈ ಲಸಿಕೆಯಲ್ಲಿ ಎರಡು ಬಗೆ ಇದೆ ಅಂತಲೂ ಬಿಡಿಸಿ ಹೇಳಿದರು. ಒಂದರಲ್ಲಿ ಜ್ವರ, ಊತ ಜಾಸ್ತಿ. ಇನ್ನೊಂದರಲ್ಲಿ ಕಮ್ಮಿ, ಆದರೆ ನಾಯಿಕೆಮ್ಮಿನ ರಕ್ಷಣೆ ಸ್ವಲ್ಪ ಬೇಗ ಇಳಿಯುತ್ತದೆ. ಯಾವುದನ್ನೂ ನನ್ನ ಮೇಲೆ ಹೇರಲಿಲ್ಲ. ಆ ರಾತ್ರಿ ನೆನಪಾಗಿ ನಾನು ಎರಡನೆಯದನ್ನು ಆರಿಸಿದೆ.

ಸಿಸ್ಟರ್ ಬಗ್ಗೆ ಹೇಳಲೇಬೇಕು. ಲಸಿಕೆಯ ಫ್ರಿಜ್ 4 ಡಿಗ್ರಿ ತೋರಿಸುತ್ತಿತ್ತು. 2ರಿಂದ 8ರೊಳಗೆ ಇರಬೇಕು, ನೋಡಿಕೊಳ್ಳಿ ಅಂತ ಅವರೇ ತೋರಿಸಿದರು. ಅವಧಿ ಮುಗಿಯುವ ದಿನಾಂಕವನ್ನೂ ಓದಿಸಿದರು. ಮಗಳನ್ನು ಮಲಗಿಸಲಿಲ್ಲ, ನನ್ನ ತೊಡೆಯ ಮೇಲೇ ಕೂರಿಸಿ ತಬ್ಬಿಕೊಳ್ಳಲು ಹೇಳಿದರು. "ಪುಟ್ಟಾ, ದೀಪ ಆರಿಸೋ ಹಾಗೆ ಉಫ್ ಅಂತ ಊದು ನೋಡೋಣ" ಅಂದರು. ಅವಳು ಕೆನ್ನೆ ಉಬ್ಬಿಸಿ ಮೂರನೇ ಸಲ ಊದುವಷ್ಟರಲ್ಲಿ ತೋಳಿಗೆ ಹತ್ತಿ ಒತ್ತಿ ಆಗಿತ್ತು. ಆಮೇಲೆ ಇಪ್ಪತ್ತು ನಿಮಿಷ ಅಲ್ಲೇ ಕೂರಿಸಿಕೊಂಡು, ಏನೂ ತೊಂದರೆ ಇಲ್ಲ ಅಂತ ನೋಡಿಯೇ ಕಳಿಸಿದರು.

ಕೊರತೆ ಇಲ್ಲ ಅಂತಲ್ಲ. ಒಂದು ಗಂಟೆ ಕಾಯಬೇಕಾಯಿತು. ಜ್ವರ, ಕೆಮ್ಮಿನ ಮಕ್ಕಳೂ ಲಸಿಕೆಗೆ ಬಂದ ಎಳೆಕೂಸುಗಳೂ ಒಂದೇ ಕೋಣೆಯಲ್ಲಿ ಕೂತಿರುತ್ತಾರೆ. ಇದು ಸರಿಯಲ್ಲ, ಲಸಿಕೆಗೆ ಬೇರೆ ಸಮಯ ಇಡಲೇಬೇಕು. ಕಾರ್ಡ್‌ನಲ್ಲಿ ಬ್ಯಾಚ್ ನಂಬರ್ ಕೂಡ ನಾನು ಕೇಳಿದ ಮೇಲೆ ಬರೆದರು. ನೀವು ಹೋದರೆ ಮರೆಯದೆ ಕೇಳಿ.

ಆ ರಾತ್ರಿ ಮೈ ಸ್ವಲ್ಪ ಬಿಸಿ ಇತ್ತು, ಅಷ್ಟೇ. ಬೆಳಿಗ್ಗೆ ತೋಳು ಮುಟ್ಟಲು ಬಿಡಲಿಲ್ಲ, ಆದರೆ ಅದೇ ಕೈಯಲ್ಲಿ ಸೈಕಲ್ ಹಿಡಿದು ಹೊರಟಳು. ಮುಂದಿನ ಡೋಸ್ ಅವಳಿಗೆ ಹತ್ತು ವರ್ಷ ದಾಟುವ ಹೊತ್ತಿಗೆ. ಅದಕ್ಕೂ ಇಲ್ಲಿಗೇ ಕರೆದುಕೊಂಡು ಬರುತ್ತೇನೆ.