ಸ್ಕೋಪ್ ನೋಡಿಕೊಳ್ಳಲು ಮೂರು ದಾರಿ

ಪುಣೆಯ ಕೊತ್ರೂಡ್‌ನಲ್ಲಿರುವ ಅಕ್ಕನ ಮಗ ಕಾಲೇಜಿಗಾಗಿ ಪುಟ್ಟ ಕಂಪೈಲರ್ (ಕೋಡನ್ನು ಯಂತ್ರಕ್ಕೆ ತಿಳಿಯುವಂತೆ ಅನುವಾದಿಸುವ ಪ್ರೋಗ್ರಾಂ) ಬರೆಯುತ್ತಿದ್ದಾನೆ. "ಮಾಮಾ, ಟೈಪ್ ಚೆಕರ್‌ನಲ್ಲಿ ಹೆಸರುಗಳನ್ನು ಹೇಗೆ ಇಡಲಿ?" ಎಂದು ಕೇಳಿದ. ಟೈಪ್ ಚೆಕರ್ ಅಂದರೆ ಸಂಖ್ಯೆ, ಪಠ್ಯ ಮುಂತಾದವು ಸರಿಯಾಗಿ ಬಳಕೆಯಾಗಿವೆಯೇ ಎಂದು ನೋಡುವ ಭಾಗ. ಒಂದು ಹೆಸರು ಕೋಡ್‌ನ ಯಾವ ಭಾಗದಲ್ಲಿ ಸಲ್ಲುತ್ತದೆ ಎಂಬುದೇ ಅದರ ಸ್ಕೋಪ್. ಅದನ್ನು ನೋಡಿಕೊಳ್ಳಲು ಮೂರು ದಾರಿ.

ಒಂದು, ಪ್ರತಿ ಬ್ಲಾಕ್‌ಗೆ (ಒಂದರೊಳಗೊಂದು ಕೂರುವ ಕೋಡ್‌ನ ತುಂಡು) ಒಂದು ಹ್ಯಾಶ್ ಟೇಬಲ್ (ಹೆಸರು ಕೊಟ್ಟರೆ ಅದರ ವಿವರ ಥಟ್ಟನೆ ಕೊಡುವ ಪಟ್ಟಿ), ಒಳಗಿನ ಬ್ಲಾಕ್‌ನದು ಮೇಲೆ, ಹೀಗೆ ಒಂದರ ಮೇಲೊಂದು. ವಾಡೆಯಲ್ಲಿ ಬೀಗದ ಕೈ ಹುಡುಕಿದ ಹಾಗೆ: ಮೊದಲು ಕೋಣೆ, ಆಮೇಲೆ ಪಡಸಾಲೆ, ಕೊನೆಗೆ ಅಂಗಳ. ಎರಡು, ಎಲ್ಲಕ್ಕೂ ಒಂದೇ ಟೇಬಲ್. ಪ್ರತಿ ಹೆಸರಿಗೂ ಒಂದು ಸರಪಳಿ, ಒಳಗಿನ ಘೋಷಣೆ ಅದರ ತುದಿಯಲ್ಲಿ. ಮೂರು, ಬದಲಾಗದ ಮ್ಯಾಪ್ (ಇದೂ ಹೆಸರು ಮತ್ತು ವಿವರದ ಪಟ್ಟಿಯೇ). ಹೆಸರು ಸೇರಿಸಿದರೆ ಹೊಸ ಮ್ಯಾಪ್, ಹಳೆಯದು ಹಾಗೇ ಇರುತ್ತದೆ.

ಹುಡುಕುವ ವೇಗದಲ್ಲಿ ಸರಪಳಿಯೇ ಮುಂದೆ. ಮೊದಲ ದಾರಿಯಲ್ಲಿ ಗ್ಲೋಬಲ್ ಹೆಸರಿಗೆ (ಎಲ್ಲ ಬ್ಲಾಕ್‌ಗಳ ಹೊರಗೆ ಘೋಷಿಸಿದ್ದು) ಪ್ರತಿ ಮೆಟ್ಟಿಲನ್ನೂ ಇಳಿಯಬೇಕು. ಆದರೆ ನಾಲ್ಕೈದು ಮೆಟ್ಟಿಲಿಗೆ ಯಾರು ಅಳುತ್ತಾರೆ, ಅಲ್ವಾ?

ಬ್ಲಾಕ್ ಮುಗಿದಾಗ ಮೊದಲ ದಾರಿಯಲ್ಲಿ ಮೇಲಿನ ಟೇಬಲ್ ತೆಗೆದರೆ ಆಯಿತು. ಸರಪಳಿಯಲ್ಲಿ ಯಾವ ಹೆಸರು ಸೇರಿಸಿದೆವು ಎಂಬ ಪಟ್ಟಿ ಬೇಕು. ಒಂದು ಮರೆತರೆ ಸತ್ತ ಹೆಸರು ಬದುಕಿಯೇ ಇರುತ್ತದೆ. ನನ್ನ ಒಂದು ವಾರಾಂತ್ಯ ಹೀಗೇ ಹೋಗಿದೆ. ಮ್ಯಾಪ್‌ನಲ್ಲಿ ಹಳೆಯದಕ್ಕೆ ಮರಳಿದರೆ ಸಾಕು.

ಒಂದೇ ಬ್ಲಾಕ್‌ನಲ್ಲಿ ಒಂದೇ ಹೆಸರನ್ನು ಎರಡು ಸಲ ಘೋಷಿಸಿದ ತಪ್ಪು ಹಿಡಿಯುವುದು ಹೇಗೆ? ಮೊದಲ ದಾರಿಯಲ್ಲಿ ಮೇಲಿನ ಟೇಬಲ್ ಮಾತ್ರ ನೋಡಬೇಕು. ಉಳಿದೆರಡರಲ್ಲಿ ಪ್ರತಿ ಹೆಸರಿನ ಜೊತೆ ಆಳದ ಸಂಖ್ಯೆ (ಎಷ್ಟನೇ ಒಳ ಬ್ಲಾಕ್ ಎಂಬುದು) ಇಡುವುದು ಲೇಸು.

ಅವನ ಪ್ರಾಜೆಕ್ಟ್‌ಗೆ ಮೊದಲನೆಯದೇ ಸಾಕು. ಭಾರಿ ಕೋಡ್, ವೇಗವೇ ಮುಖ್ಯ ಎಂದರೆ ಎರಡನೆಯದು. ಸಿ, ಸಿ++ ಭಾಷೆಗಳ ಕಂಪೈಲರ್ ಆದ ಕ್ಲಾಂಗ್‌ನಲ್ಲೂ ಹೆಸರಿಗೊಂದು ಸರಪಳಿ ಇದೆ. ಎಡಿಟರ್‌ಗೆ ಪ್ರತಿ ಸಾಲಿನ ಸ್ಕೋಪ್ ಆಮೇಲೂ ಬೇಕು, ಅಥವಾ ಬದಲಾಗದ ಮ್ಯಾಪ್ ಸಹಜವಾಗಿ ಒಗ್ಗುವ ಓಕ್ಯಾಮಲ್ ಭಾಷೆಯಲ್ಲಿ ಬರೆಯುತ್ತೀಯ ಎಂದರೆ ಮೂರನೆಯದು.