ಡಬಲ್ ಡಿಲೈಟ್: ಬಿಸಿಲಿನಲ್ಲಿ ಕೆಂಪೇರುವ ಗುಲಾಬಿ

ಎರಡು ಬಣ್ಣದ ಹೈಬ್ರಿಡ್ ಟೀ ಗುಲಾಬಿ (ಉದ್ದ ತೊಟ್ಟಿನ ತುದಿಯಲ್ಲಿ ಸಾಮಾನ್ಯವಾಗಿ ಒಂದೊಂದೇ ದೊಡ್ಡ ಹೂ ಬಿಡುವ ವರ್ಗ) ಬೇಕೆಂದವರಿಗೆ ಹೆಚ್ಚಿನವರು ಮೊದಲು ಹೇಳುವ ಹೆಸರು ಡಬಲ್ ಡಿಲೈಟ್. ಈ ಗಿಡವನ್ನು ಕೆಲವು ವರ್ಷ ಸಾಕಿದ ಮೇಲೆ ಆ ಸಲಹೆಯನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಹೂವಿಗೆ ಪೂರ್ಣ ಅಂಕ ಕೊಡಲು ನನ್ನ ಅಡ್ಡಿಯಿಲ್ಲ. ಗಿಡಕ್ಕೆ ಕೊಡಲು ಮನಸ್ಸು ಬರುವುದಿಲ್ಲ.

ಮೊದಲು ಹೂವಿನ ಮಾತು. ನೀಳವಾದ ಮೊಗ್ಗು ಬಿರಿಯುವಾಗ ಒಳಗಿನ ಎಸಳುಗಳು ಕೆನೆಬಿಳುಪಾಗಿದ್ದು, ಅಂಚಿನಲ್ಲಿ ಮಾತ್ರ ಸ್ಟ್ರಾಬೆರಿ ಹಣ್ಣಿನ ಕೆಂಪು ತೆಳ್ಳಗೆ ಹರಿದಿರುತ್ತದೆ. ದಿನ ಕಳೆದಂತೆ ಆ ಕೆಂಪು ಅಂಚಿನಿಂದ ಒಳಮುಖವಾಗಿ ಹಬ್ಬುತ್ತಾ ಹೋಗಿ, ಉದುರುವ ಹೊತ್ತಿಗೆ ಬಿಳುಪು ನಡುವಿನಲ್ಲಿ ಒಂದಿಷ್ಟು ಉಳಿದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೀಗಾಗಿ ಒಂದೇ ಗಿಡದಲ್ಲಿ ಒಂದೇ ಬೆಳಗ್ಗೆ ಅರಳಿರುವ ಮೂರು ಹೂಗಳು ಮೂರು ಬೇರೆ ತಳಿಗಳಂತೆ ಕಾಣುವುದುಂಟು. ಎಸಳಿನ ಒಳಮೈಗೊಂದು, ಹೊರಮೈಗೊಂದು ಬಣ್ಣವಿರುವ ಗುಲಾಬಿಯನ್ನು ಮಾತ್ರ ದ್ವಿವರ್ಣ ಎನ್ನಬೇಕೆಂದು ವಾದಿಸುವವರಿದ್ದಾರೆ. ಅವರ ಲೆಕ್ಕದಲ್ಲಿ ಇದು ದ್ವಿವರ್ಣವಲ್ಲ, ಕೆಂಪು ಮಿಶ್ರವರ್ಣ. ವರ್ಗೀಕರಣದ ದೃಷ್ಟಿಯಿಂದ ಅವರು ಹೇಳುವುದು ಸರಿಯೇ. ಹೂವನ್ನು ಎದುರಿಗಿಟ್ಟುಕೊಂಡಾಗ ಮಾತ್ರ ಆ ವಾದ ನೆನಪಿಗೆ ಬರುವುದಿಲ್ಲ.

ಈ ಕೆಂಪಿನ ಗುಟ್ಟು ಬಿಸಿಲಿನಲ್ಲಿದೆ. ಸೂರ್ಯನ ಬೆಳಕಿನಲ್ಲಿರುವ ಅತಿನೇರಳೆ ಕಿರಣ ತಾಗಿದಾಗಲೇ ಎಸಳಿನಲ್ಲಿ ಕೆಂಪು ವರ್ಣದ್ರವ್ಯ ಚೆನ್ನಾಗಿ ಕೂಡಿಕೊಳ್ಳುತ್ತದೆ. ಆ ಕಿರಣವನ್ನು ತಡೆಯುವ ಗಾಜಿನ ಮನೆಯೊಳಗೆ ಬೆಳೆಸಿದರೆ ಹೂವು ಬಹುಮಟ್ಟಿಗೆ ಬಿಳಿಚಿಕೊಂಡೇ ಅರಳುತ್ತದೆ. ಮೊಗ್ಗಿನಲ್ಲೇ ಕೊಯ್ದು ಹೂದಾನಿಗೆ ಹಾಕಿ, ಮನೆಯೊಳಗೆ ಕೆಂಪೇರಲಿ ಎಂದು ಕಾದು ನಾನೂ ನಿರಾಶನಾಗಿದ್ದೇನೆ. ಈಗ ಅಂಚು ಕೆಂಪಾಗಿ, ಹೊರಗಿನ ಎಸಳುಗಳು ಬಿಡಿಸಿಕೊಂಡ ಮೇಲಷ್ಟೇ ಕತ್ತರಿ ಹಿಡಿಯುತ್ತೇನೆ.

ಹೆಸರಿನಲ್ಲಿರುವ ಎರಡನೆಯ ಆನಂದ ಪರಿಮಳದ್ದು. ಮಸಾಲೆಯ ಘಾಟು ಬೆರೆತ ಗಾಢವಾದ ಕಂಪು ಅದು. ಒಂದೇ ಹೂವು ಕೋಣೆಯನ್ನು ತುಂಬುತ್ತದೆ. ಬಣ್ಣದ ಬೆನ್ನುಹತ್ತಿದ ಹೈಬ್ರಿಡ್ ಟೀ ತಳಿಗಳಲ್ಲಿ ಹಲವು ಪರಿಮಳವನ್ನು ಕಳೆದುಕೊಂಡಿರುವಾಗ, ಈ ಗುಣವೊಂದಕ್ಕೇ ಇದನ್ನು ನೆಡಬಹುದು. ಸುಗಂಧಕ್ಕೆಂದೇ ಮೀಸಲಾದ ಅಮೆರಿಕದ ಗ್ಯಾಂಬಲ್ ಪದಕ 1986ರಲ್ಲಿ ಇದಕ್ಕೆ ಸಂದಿತು. ಅದರ ಹಿಂದಿನ ವರ್ಷ ವಿಶ್ವ ಗುಲಾಬಿ ಸಂಘಗಳ ಒಕ್ಕೂಟವೂ ತನ್ನ ಶ್ರೇಷ್ಠ ಗುಲಾಬಿಗಳ ಸಾಲಿಗೆ ಇದನ್ನು ಸೇರಿಸಿಕೊಂಡಿತ್ತು.

ಇನ್ನು ಗಿಡ. ಸ್ವಿಮ್ ಮತ್ತು ಎಲ್ಲಿಸ್ ಎಂಬ ಅಮೆರಿಕದ ತಳಿಗಾರರು ಗ್ರನಾಡಾ ಮತ್ತು ಗಾರ್ಡನ್ ಪಾರ್ಟಿ ಎಂಬ ಎರಡು ಗುಲಾಬಿಗಳನ್ನು ಕೂಡಿಸಿ ಪಡೆದ ಈ ತಳಿ 1977ರಲ್ಲಿ ಮಾರುಕಟ್ಟೆಗೆ ಬಂತು. ಗ್ರನಾಡಾ ತಾನೂ ಪರಿಮಳಕ್ಕೆ ಹೆಸರಾದದ್ದು. ಗಾರ್ಡನ್ ಪಾರ್ಟಿಯ ಕೆನೆಬಿಳಿ ಎಸಳಿನ ಅಂಚಿನಲ್ಲಿ ನಸುಗೆಂಪಿನ ಛಾಯೆಯಿದೆ. ಮಗುವಿನ ಚೆಲುವು ಎಲ್ಲಿಂದ ಬಂತೆಂದು ಬೇರೆ ಹೇಳಬೇಕಿಲ್ಲ. ಆದರೆ ಬೂದಿರೋಗಕ್ಕೆ ಸುಲಭವಾಗಿ ತುತ್ತಾಗುವ ಸ್ವಭಾವವೂ ಆ ಮನೆತನದ್ದೇ. ಗಾಳಿಯಾಡದ ಕಡೆ ನೆಟ್ಟರೆ ಎಳೆಯ ಚಿಗುರು, ಮೊಗ್ಗಿನ ತೊಟ್ಟು ಎಲ್ಲಕ್ಕೂ ಬಿಳಿ ಪುಡಿ ಮೆತ್ತಿಕೊಳ್ಳುತ್ತದೆ. ಎಲೆ ಬಹಳ ಹೊತ್ತು ಒದ್ದೆಯಾಗಿಯೇ ಉಳಿಯುವ ದಿನಗಳಲ್ಲಿ ಕಪ್ಪು ಚುಕ್ಕೆ ರೋಗವೂ ಜೊತೆಗೂಡುತ್ತದೆ. ಒಂದು ವರ್ಷ ನನ್ನ ಗಿಡ ಅರ್ಧಕ್ಕರ್ಧ ಎಲೆ ಉದುರಿಸಿಕೊಂಡು, ತುದಿಯಲ್ಲಿ ಒಂದು ಅದ್ಭುತ ಹೂವನ್ನು ಹೊತ್ತು ನಿಂತಿತ್ತು. ಆ ಚಿತ್ರವೇ ಈ ತಳಿಯ ನಿಜವಾದ ಪರಿಚಯ.

ಹಾಗಾಗಿ ಆರು ಗಂಟೆಗೆ ಕಡಿಮೆಯಿಲ್ಲದ ನೇರ ಬಿಸಿಲು, ಗಿಡಗಳ ನಡುವೆ ಧಾರಾಳ ಅಂತರ, ಎಲೆ ನೆನೆಯದಂತೆ ಬುಡಕ್ಕಷ್ಟೇ ನೀರು, ಇಷ್ಟನ್ನು ಒದಗಿಸಲೇಬೇಕು. ಸವರುವಾಗ ನಡುವಿನ ಒತ್ತು ಕೊಂಬೆಗಳನ್ನು ತೆಗೆದು ಗಿಡವನ್ನು ಬಟ್ಟಲಿನಂತೆ ತೆರೆದಿಟ್ಟರೆ ಗಾಳಿಯೂ ಬೆಳಕೂ ಒಳಗೆ ಇಳಿಯುತ್ತವೆ. ನಾಲ್ಕಡಿಯ ಆಸುಪಾಸಿನಲ್ಲಿ ಹರಡಿಕೊಂಡು ಬೆಳೆಯುವ ಗಿಡವಾದ್ದರಿಂದ ದೊಡ್ಡ ಕುಂಡದಲ್ಲೂ ನಡೆಯುತ್ತದೆ. ರೋಗಕ್ಕೆ ಔಷಧಿ ಸಿಂಪಡಿಸುವುದೇ ಇಲ್ಲ ಎಂದು ನಿರ್ಧರಿಸಿದವರಿಗೆ ನಾನು ಇದನ್ನು ಸೂಚಿಸುವುದಿಲ್ಲ. ಅವರಿಗೆ ಗಟ್ಟಿ ಎಲೆಯ ಹೊಸ ತಳಿಗಳೇ ವಾಸಿ.

ಕೊಳ್ಳುವಾಗ ಹೂವಿನ ಕೆಂಪಿಗಿಂತ ಕಸಿ ಕೂಡಿದ ಜಾಗ ಗಟ್ಟಿಯಾಗಿದೆಯೇ, ಚಿಗುರಿನಲ್ಲಿ ಬೂದಿಯಿದೆಯೇ ಎಂದು ನೋಡಿ. ನರ್ಸರಿಯ ನೆರಳುಪರದೆಯಡಿ ಅರಳಿದ ಹೂವು ಪೇಲವವಾಗಿ ಕಂಡರೆ ಬೇರೆ ತಳಿ ಕೊಟ್ಟರೆಂದು ಕೂಡಲೇ ಜಗಳಕ್ಕಿಳಿಯಬೇಡಿ. ಗಿಡವನ್ನು ಬಿಸಿಲಿಗಿಟ್ಟು ಮುಂದಿನ ಸುತ್ತಿನ ಮೊಗ್ಗು ಬಿರಿಯುವವರೆಗೆ ಕಾಯಿರಿ.