ಪ್ಯಾನ್‌ಆಪ್ಟಿಕ್ಸ್ ಲೆನ್ಸ್: ಚಾಳೀಸು ತಪ್ಪುತ್ತದೆ, ರಾತ್ರಿ ದೀಪಕ್ಕೆ ಬಳೆ ಮೂಡುತ್ತದೆ

ಪೊರೆ ಆಪರೇಷನ್ ಎಂದೊಡನೆ ಕೈಗೆ ಬರುವ ಲೆನ್ಸ್ ದರಪಟ್ಟಿಯಲ್ಲಿ ಒಂದೇ ದೂರಕ್ಕೆ ಸ್ಪಷ್ಟ ದೃಷ್ಟಿ ಕೊಡುವ ಮಾನೊಫೋಕಲ್‌ಗಿಂತ ಹಲವು ಪಟ್ಟು ದುಬಾರಿ ಸಾಲೊಂದಿರುತ್ತದೆ: ದೂರ, ನಡು, ಹತ್ತಿರ ಮೂರಕ್ಕೂ ಒದಗುವ ಟ್ರೈಫೋಕಲ್. ಆ ಸಾಲಿನಲ್ಲಿ ಹೆಚ್ಚಾಗಿ ಕಾಣುವ ಹೆಸರು ಆಲ್ಕಾನ್ ಕಂಪನಿಯ ಪ್ಯಾನ್‌ಆಪ್ಟಿಕ್ಸ್. ಅಮೆರಿಕದಲ್ಲಿ ಔಷಧ, ವೈದ್ಯ ಸಾಧನಗಳನ್ನು ನಿಯಂತ್ರಿಸುವ ಎಫ್‌ಡಿಎ ಒಪ್ಪಿಗೆ ಪಡೆದ ಮೊದಲ ಟ್ರೈಫೋಕಲ್ ಇದೇ, 2019ರಲ್ಲಿ.

ಲೆನ್ಸ್ ಅಂದರೆ 6 ಮಿ.ಮೀ. ಅಗಲದ ಮೆತ್ತನೆಯ ಅಕ್ರಿಲಿಕ್ ಬಿಲ್ಲೆ. ಅದರ ನಡುವಿನ 4.5 ಮಿ.ಮೀ. ಜಾಗದಲ್ಲಿ ಬರಿಗಣ್ಣಿಗೆ ಕಾಣದಷ್ಟು ನವಿರಾದ ಉಂಗುರಗಳಿವೆ. ಪಾಪೆ 3 ಮಿ.ಮೀ. ಇದ್ದಾಗ ಒಳಬಂದ ಬೆಳಕಿನ ನೂರು ಪಾಲಿನಲ್ಲಿ 44 ದೂರಕ್ಕೆ, 22 ಸುಮಾರು 60 ಸೆಂ.ಮೀ.ಗೆ, 22 ಸುಮಾರು 40 ಸೆಂ.ಮೀ.ಗೆ ಹೋಗುತ್ತವೆ. ಮಿಕ್ಕ 12 ಚದುರಿ ವ್ಯರ್ಥ. ಈ ಲೆನ್ಸಿನ ಗುಣ, ದೋಷ ಎರಡೂ ಹುಟ್ಟುವುದು ಈ ಹಂಚಿಕೆಯಿಂದಲೇ.

60 ಸೆಂ.ಮೀ. ಅಂದರೆ ಕಂಪ್ಯೂಟರ್ ಪರದೆ, ಅಡುಗೆ ಕಟ್ಟೆ. ಇಲ್ಲಿ ಇದರ ಕೆಲಸ ನಿಜಕ್ಕೂ ಚೆನ್ನ. ಹಗಲು ಬೆಳಕಿನಲ್ಲಿ ಪೇಪರ್ ಓದಲು, ಮೊಬೈಲ್ ನೋಡಲು ಬಹುತೇಕರಿಗೆ ಚಾಳೀಸು ಬೇಕಾಗುವುದಿಲ್ಲ. ಆದರೆ ಮಬ್ಬು ದೀಪದ ಹೋಟೆಲಿನಲ್ಲಿ ಮೆನು ಓದುವುದು ಕಷ್ಟ. ಕತ್ತಲಲ್ಲಿ ಪಾಪೆ ಹಿಗ್ಗಿ ಉಂಗುರವಿಲ್ಲದ ಅಂಚಿನಿಂದ ಬಂದ ಬೆಳಕೆಲ್ಲ ದೂರದ ಪಾಲಾಗುತ್ತದೆ. ಎದುರಿಂದ ಲಾರಿ ಹೈ ಬೀಮ್ ಹಾಕಿಕೊಂಡು ಬಂದರೆ ದೀಪದ ಸುತ್ತ ಬಳೆ ಕಾಣುತ್ತದೆ. ಬಹುತೇಕರ ಮಿದುಳು ಮೂರರಿಂದ ಆರು ತಿಂಗಳಲ್ಲಿ ಅದಕ್ಕೆ ಒಗ್ಗಿಕೊಳ್ಳುತ್ತದೆ, ಬಳೆ ಮಾತ್ರ ಪೂರ್ತಿ ಮಾಯವಾಗುವುದಿಲ್ಲ. ರಾತ್ರಿ ಬಸ್ಸು, ಟ್ಯಾಕ್ಸಿ ಓಡಿಸುವವರಿಗೆ ಇದನ್ನು ಹಾಕಿಸಿ ಎಂದು ನಾವು ಹೇಳುವುದಿಲ್ಲ.

ಅಸಮಾಧಾನದ ದೂರುಗಳಲ್ಲಿ ಬಹಳಷ್ಟರ ಮೂಲ ಅಳತೆ. ಕಣ್ಣಿನ ಉದ್ದ ಅಳೆಯುವಾಗ 1 ಮಿ.ಮೀ. ತಪ್ಪಿದರೆ ಪವರ್ ಎರಡೂವರೆಯಿಂದ ಮೂರು ಡಯಾಪ್ಟರ್ (ಕನ್ನಡಕದ ಪವರಿನ ಅಳತೆ) ಏರುಪೇರಾಗುತ್ತದೆ. ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಕ್ಕೆ ಮುಟ್ಟಿಸಿ ಶಬ್ದತರಂಗದಿಂದ ಅಳೆಯುವ ಎ-ಸ್ಕ್ಯಾನ್‌ನಲ್ಲಿ ಕೈ ಸ್ವಲ್ಪ ಒತ್ತಿದರೂ ಕಣ್ಣು ಗಿಡ್ಡವೆಂದು ತೋರಿಸುತ್ತದೆ. ಆದ್ದರಿಂದ ಮುಟ್ಟದೆ ಬೆಳಕಿನಿಂದ ಅಳೆಯುವ ಆಪ್ಟಿಕಲ್ ಬಯೋಮೆಟ್ರಿಯನ್ನೇ ಕೇಳಿ. ಮಾನೊಫೋಕಲ್‌ನಲ್ಲಿ ಅರ್ಧ ಡಯಾಪ್ಟರ್ ಪವರ್ ಉಳಿದರೂ ನಡೆದುಹೋಗುತ್ತದೆ, ಇಲ್ಲಿ ಅಷ್ಟಕ್ಕೇ ದೃಷ್ಟಿ ಮಂಕು. ಕಣ್ಣು ಒಣಗಿದ್ದರೆ ಕಾರ್ನಿಯದ ಅಳತೆ ದಿನಕ್ಕೊಂದು ಬರುತ್ತದೆ. ಮೊದಲು ಅದಕ್ಕೆ ಚಿಕಿತ್ಸೆಯಾಗಲಿ. ಹಿಂದೆ ಕನ್ನಡಕ ಬಿಡಿಸುವ ಲೇಸರ್ ಚಿಕಿತ್ಸೆ ಲೇಸಿಕ್ ಆಗಿದ್ದರೆ ಲೆನ್ಸ್ ಪವರ್ ಲೆಕ್ಕದ ಮಾಮೂಲಿ ಸೂತ್ರಗಳು ಕೈಕೊಡುತ್ತವೆ, ಮೊದಲೇ ತಿಳಿಸಬೇಕು.

ಸಿಲಿಂಡರ್ ಪವರ್ (ಕಾರ್ನಿಯದ ಬಾಗು ಎಲ್ಲ ದಿಕ್ಕಿಗೂ ಒಂದೇ ಇರದ ದೋಷ) ಒಂದು ಡಯಾಪ್ಟರ್ ಹತ್ತಿರವಿದ್ದರೆ ಅದನ್ನು ತಿದ್ದುವ, ಇದರದೇ ಟೋರಿಕ್ ಮಾದರಿ ಬೇಕು. ಮಲಗಿದಾಗ ಕಣ್ಣು ತುಸು ತಿರುಗುವುದರಿಂದ ಲೆನ್ಸ್ ಕೂರಬೇಕಾದ ಕೋನದ, ಅಂದರೆ ಅಕ್ಷದ ಗುರುತನ್ನು ಕುಳಿತಿರುವಾಗಲೇ ಹಾಕಬೇಕು. ಒಳಗೆ ಲೆನ್ಸ್ 10 ಡಿಗ್ರಿ ತಿರುಗಿದರೆ ಸಿಲಿಂಡರ್ ತಿದ್ದುಪಡಿಯ ಮೂರನೇ ಒಂದು ಭಾಗ ಹೋಯಿತು, 30 ಡಿಗ್ರಿಗೆ ಲಾಭವೇ ಸೊನ್ನೆ.

ಅಕ್ಷಿಪಟಲದ ನಡುಭಾಗವಾದ ಮ್ಯಾಕ್ಯುಲಾದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನ್ ಮಾಡಿಸದೆ ಹಣ ಕಟ್ಟಬೇಡಿ. ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲ ಕೆಟ್ಟಿದ್ದರೆ, ಕಣ್ಣಿನ ನರ ಕೆಡಿಸುವ ಗ್ಲಾಕೋಮಾ ಮುಂದುವರಿದಿದ್ದರೆ, ಮೊದಲೇ ಕಡಿಮೆ ಇರುವ ಬೆಳಕಿನ ಗ್ರಹಣಶಕ್ತಿಯನ್ನು ಮತ್ತೆ ಪಾಲು ಮಾಡುವುದು ಮೂರ್ಖತನ. ಅಂಥವರಿಗೆ ಒಳ್ಳೆಯ ಮಾನೊಫೋಕಲ್ ಜೊತೆಗೊಂದು ಚಾಳೀಸು ಸಾಕು. ಬಳೆ ಬೇಡ, ಸಣ್ಣ ಅಕ್ಷರಕ್ಕೆ ಕನ್ನಡಕ ಹಾಕಿಕೊಂಡೇನು ಎನ್ನುವವರಿಗೆ ಅದೇ ಕಂಪನಿಯ ಉಂಗುರವಿಲ್ಲದ ವಿವಿಟಿ ಲೆನ್ಸ್ ವಾಸಿ.

ಪ್ಯಾಕೇಜಿನಲ್ಲಿ ಆಪರೇಷನ್ನಿನ ಕೆಲವು ಹಂತ ಮಾಡುವ ಫೆಮ್ಟೊ ಲೇಸರ್ ಸೇರಿಸಲು ಒತ್ತಾಯ ಬಂದರೆ ಬೇಡ ಎನ್ನಬಹುದು. 2020ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ ಫ್ರಾನ್ಸಿನ ಫೆಮ್‌ಕ್ಯಾಟ್ ಅಧ್ಯಯನದಲ್ಲಿ ಶಬ್ದತರಂಗದಿಂದ ಪೊರೆ ಪುಡಿ ಮಾಡಿ ತೆಗೆಯುವ ಸಾಮಾನ್ಯ ಫೇಕೊಗಿಂತ ಅದು ಮೇಲೆಂದು ಸಾಬೀತಾಗಲಿಲ್ಲ.

ಆಪರೇಷನ್ ಆದಮೇಲೆ ದೃಷ್ಟಿ ಮಂಜಾದರೆ "ಪೊರೆ ಮತ್ತೆ ಬಂದಿದೆ, ಯಾಗ್ ಲೇಸರ್ ಮಾಡೋಣ" ಎನ್ನುವುದುಂಟು. ಲೆನ್ಸನ್ನು ಹಿಡಿದಿರುವ ಚೀಲದ ಹಿಂಬದಿ ಮಸುಕಾಗಿದ್ದರೆ ಯಾಗ್ ಲೇಸರಿನಿಂದ ಅದಕ್ಕೆ ತೂತು ಮಾಡುವುದು ಸರಿಯೇ. ಆದರೆ ಮೊದಲ ದಿನದಿಂದಲೂ ಕಾಡುತ್ತಿರುವ ಬಳೆ, ಮಂಕಿಗೆ ಯಾಗ್ ಮಾಡಿಸಬೇಡಿ. ಚೀಲಕ್ಕೆ ಒಮ್ಮೆ ತೂತು ಬಿತ್ತೆಂದರೆ ಲೆನ್ಸ್ ತೆಗೆದು ಬೇರೆ ಹಾಕುವುದು ಬಲು ಅಪಾಯದ ಕೆಲಸ.